ಬಿಲ್ಲಿಲ್ಲದ ಚಹಾಪುಡಿ

೨ ಜೂನ್ ೨೦೦೩, ಸೋಮವಾರ

ಬೆಂಗೇರಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ಸ್ಕೂಟರ್ ತಾನಾಗಿ ಆ ಕಡೆ ತಿರುಗಿತು ಎಂದು ಹೆಂಡತಿ ಪ್ರಾಚಿಗೆ ಹೇಳಿದೆ. ಅವಳು ನಕ್ಕಳು.

ಬೀರಲಿಂಗ ಅಂಗಡಿಯ ಬೋರ್ಡು ಬದಲಿಸಿದ್ದಾನೆ! ಐದು ವರ್ಷ ಅಲ್ಲಿದ್ದ 'ಶ್ವೇತಗಿರಿ ಟೀ' ಎಂಬ ಹಸಿರು ಬೋರ್ಡು ಹೋಗಿ, ದೊಡ್ಡ ಕೆಂಪು ಅಕ್ಷರದಲ್ಲಿ 'ಬೀರಲಿಂಗ ಚಹಾಪುಡಿ' ಎಂದು ಬಂದಿದೆ. ಕಂಪನಿಯ ಜೊತೆ ಅವನ ಕರಾರು ಮೊನ್ನೆ ಮೇ ಕೊನೆಗೆ ಮುಗಿಯಿತು. ನವೀಕರಿಸಲಿಲ್ಲ. ಅದೇ ಜಾಗದಲ್ಲಿ, ಅದೇ ಗಲ್ಲಾದ ಹಿಂದೆ ಕುಳಿತು ತನ್ನದೇ ಪುಡಿ ತೂಗಿ ಕೊಡುತ್ತಿದ್ದಾನೆ. ಮುಂದೆ ಜನವೋ ಜನ. ಪುಕ್ಕಟೆ ಹಂಚುತ್ತಿದ್ದಾನೇನೋ ಅಂದುಕೊಂಡೆ. ಇಲ್ಲ, ಎಲ್ಲರೂ ರೊಕ್ಕ ಕೊಡುತ್ತಿದ್ದರು.

ಕಮರಿಪೇಟೆ ಮೂಲೆಯ ನನ್ನ ಅಂಗಡಿಯೂ ಶ್ವೇತಗಿರಿಯ ಫ್ರಾಂಚೈಸಿಯೇ. ಬರುವ ಮಾರ್ಚ್ ಕೊನೆಯವರೆಗೆ ನನ್ನ ಕರಾರು ಇದೆ. ಇಬ್ಬರ ಕರಾರಿನಲ್ಲೂ ಹದಿನಾಲ್ಕನೆಯ ಕಲಮು ಒಂದೇ: ಕರಾರು ಇರುವಾಗಲೂ, ಮುಗಿದ ಮೇಲೆ ಮೂರು ವರ್ಷವೂ, ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಹದ್ದಿನೊಳಗೆ ಬೇರೆ ಚಹಾಪುಡಿಯ ವ್ಯಾಪಾರ ಮಾಡಕೂಡದು. ನಾನು ಬಿ.ಕಾಂ. ಓದಿದವನು, ಪ್ರತಿ ಸಾಲು ಓದಿ ಸಹಿ ಮಾಡಿದವನು. ಇವನು ಆ ಕಲಮಿನ ಮೇಲೆ ಕಾಲಿಟ್ಟು ನಡೆದುಬಿಟ್ಟನಲ್ಲ!

ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಎಂದು ಪ್ರಾಚಿ ಹೇಳಬಹುದು. ಇದು ಹೊಟ್ಟೆಕಿಚ್ಚಲ್ಲ, ನ್ಯಾಯದ ಪ್ರಶ್ನೆ.

೧೪ ಜೂನ್, ಶನಿವಾರ

ನಮ್ಮ ಮೂಲೆಯ ಚಹಾ ಗಾಡಿಯ ದುರಗಪ್ಪ ವಾರದಿಂದ ಅಂಗಡಿಗೆ ಬಂದಿರಲಿಲ್ಲ. ಇವತ್ತು ನಾನೇ ಹೋಗಿ ಕೇಳಿದೆ. ಗಾಡಿಯ ಕೆಳಗೆ ಕೆಂಪು ಅಕ್ಷರದ ಪೊಟ್ಟಣ ಕಂಡಿತು.

"ತಪ್ಪು ತಿಳಕೋಬ್ಯಾಡ್ರಿ ರಾಯರ," ಎಂದ. "ಬೀರಲಿಂಗನ ಪುಡಿ ಹಾಕಿದ್ರ ಗಿರಾಕಿ ಇನ್ನೊಂದು ಕಪ್ ಕೇಳ್ತಾರ. ನಿಮ್ಮ ಮನ್ಯಾಗ ಒಮ್ಮಿ ಪ್ರಾಚಿಬಾಯಾರು ಚಾ ಕೊಟ್ಟಿದ್ರಲ್ಲ, ಹಂಗ ಐತ್ರಿ."

ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ಚಹಾ ಕಂಪನಿಯದಲ್ಲ. ಅದು ನನ್ನ ಕೈಯ ಮಿಶ್ರಣ. ಅಸ್ಸಾಮಿನ ದಪ್ಪ ಕಾಳು ಮೂರು ಪಾಲು, ನೀಲಗಿರಿಯ ಸಣ್ಣ ಪುಡಿ ಒಂದು ಪಾಲು, ಕುದಿಯುವ ನೀರಿಗಲ್ಲ, ಕುದಿ ಬರುವ ಮುಂಚೆ ಹಾಕಬೇಕು. ಪುಣೆಯ ದಲ್ಲಾಳಿಯಿಂದ ಎರಡೂ ಬಗೆಯ ಪುಡಿ ತರಿಸಿ ಮನೆ ಮಟ್ಟಿಗೆ ಮಾಡಿಕೊಳ್ಳುತ್ತೇನೆ. ಒಂದು ಚಿಟಿಕೆಯೂ ಮಾರಿಲ್ಲ, ಕಲಮು ಇದೆಯಲ್ಲ. ಆದರೆ ಕಂಪನಿಯ ತರಬೇತಿಗೆಂದು ಪುಣೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಬೀರಲಿಂಗನಿಗೆ ಇದನ್ನು ಹೇಳಿದ್ದೆ. ಅವನು ಅವತ್ತು ಬಾಯಿ ತೆರೆದು ಕೇಳಿದ್ದ. ಈಗ ಅದೇ ಮಾರುತ್ತಿದ್ದಾನೆ! ನನ್ನ ನಾಲಿಗೆಯ ಗಳಿಕೆ ಅವನ ಗಲ್ಲಾಕ್ಕೆ!

ಏರಿಯಾ ಮ್ಯಾನೇಜರ್ ಪಂಢರಿನಾಥ ಅವರಿಗೆ ಬೆಳಗಾವಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

೨೫ ಜೂನ್, ಬುಧವಾರ

ಪಂಢರಿನಾಥ ಬಂದಿದ್ದರು. ಕಂಪನಿ ಬೀರಲಿಂಗನ ಮೇಲೆ ದಾವೆ ಹಾಕುತ್ತದೆ, ಅಂಗಡಿ ಮುಚ್ಚಿಸಲು ತಡೆಯಾಜ್ಞೆ ಕೇಳುತ್ತದೆ.

"ಗಲಗಲಿಯವರ, ಅವನ ಅಂಗಡಿ ಬಂದ್ ಆತಂದ್ರ ಬೆಂಗೇರಿ ಭಾಗಾನೂ ನಿಮಗ ಬಿಡ್ತೇವಿ," ಎಂದರು. "ಮಾರ್ಚಿನ್ಯಾಗ ನಿಮ್ಮ ಕರಾರು ಮತ್ತ ಐದು ವರ್ಷಕ್ಕ ಮಾಡೂಣು. ಆದ್ರ ಒಂದು ಕೆಲಸ ಆಗಬೇಕ್ರಿ. ವಕೀಲರು ಅವನ ಅಂಗಡಿದು ಒಂದು ಬಿಲ್ ಕೇಳ್ಯಾರ. ಮಾರಾಟಕ್ಕ ಸಾಕ್ಷಿ."

ಬಿಲ್ಲು ತಾನೇ? ಶನಿವಾರ ತರುತ್ತೇನೆ ಎಂದೆ. ಕಮರಿಪೇಟೆ, ಬೆಂಗೇರಿ ಎರಡೂ ನನ್ನವು! ಇವತ್ತು ಊಟ ಸೇರಿತು.

೨೮ ಜೂನ್, ಶನಿವಾರ

ಬಿಲ್ಲು ಸಿಗಲಿಲ್ಲ.

ಗಿರಾಕಿಗಳ ನಡುವೆ ಸಾಲಿನಲ್ಲಿ ನಿಂತಿದ್ದೆ. ಬೀರಲಿಂಗ ನನ್ನನ್ನು ನೋಡಿದವನೇ ಗಲ್ಲಾ ಬಿಟ್ಟು ಎದ್ದು ಬಂದ. "ಅಯ್ಯ ರಾಯರ! ಸಾಲಿನ್ಯಾಗ ಯಾಕ ನಿಂತೀರಿ? ಬರ್ರಿ, ಕುಂದರ್ರಿ," ಎಂದು ತನ್ನ ಕುರ್ಚಿಯಲ್ಲೇ ಕೂರಿಸಿದ. ಅವನ ಹೆಂಡತಿ ಸತ್ಯವ್ವ ಒಳಗಿನಿಂದ ಚಹಾ ತಂದಳು. ಒಂದೇ ಗುಟುಕಿಗೆ ಕುಡಿದೆ. ಸಿಟ್ಟಿನಲ್ಲಿ ರುಚಿಯೂ ತಿಳಿಯಲಿಲ್ಲ.

"ಕಾಲು ಕಿಲೋ ಪುಡಿ ಕೊಡು, ಬಿಲ್ ಮಾಡು," ಎಂದೆ.

ಪೊಟ್ಟಣ ಕಟ್ಟಿ ಕೈಗಿಟ್ಟ. ನೋಟು ಚಾಚಿದರೆ ಕೈ ಹಿಂದೆ ಎಳೆದುಕೊಂಡ. "ನಿಮ್ಮ ಕಡೆ ರೊಕ್ಕಾ ತಗೋತೇನೇನ್ರಿ?"

"ಹಂಗ ಬ್ಯಾಡಪಾ, ವ್ಯಾಪಾರ ವ್ಯಾಪಾರ."

"ನಾ ಒಲ್ಲೆ ಅಂದ್ನಲ್ರಿ! ಮೊದಲನೇ ಸಲ ಅಂಗಡಿಗೆ ಬಂದೀರಿ. ರೊಕ್ಕಾ ತಗೊಂಡ್ರ ಸತ್ಯವ್ವ ನನಗ ಊಟಾ ಹಾಕೂದಿಲ್ಲ."

ಎಷ್ಟು ಜಗ್ಗಾಡಿದರೂ ಕೇಳಲಿಲ್ಲ. ರೊಕ್ಕ ತಗೊಳ್ಳದೆ ಬಿಲ್ಲು ಹೇಗೆ ಬರೆದಾನು? ಸಾಲಿನವರೆಲ್ಲ ನಮ್ಮಿಬ್ಬರ ಜಗ್ಗಾಟ ನೋಡಿ ನಗುತ್ತಿದ್ದರು. ಪೊಟ್ಟಣ ಹಿಡಿದು ಪೆಚ್ಚಾಗಿ ಬಂದೆ. ಸಾಕ್ಷಿ ಹುಡುಕಿ ಹೋದವನು ಬೀಗರ ಮನೆಗೆ ಹೋದಂತೆ ಹೋಗಿ ಬಂದೆನಲ್ಲ!

೫ ಜುಲೈ, ಶನಿವಾರ

ಪ್ರಾಚಿಯನ್ನು ಕಳಿಸಿದೆ. ಅವಳನ್ನು ಅವನು ನೋಡಿದ್ದು ಒಂದೆರಡು ಸಲ, ಗುರುತು ಹಿಡಿಯಲಾರ ಅಂದುಕೊಂಡೆ. ಏಕೆ ಕಳಿಸುತ್ತಿದ್ದೇನೆ ಎಂದು ಅವಳಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಬಂದಳು. ಪುಡಿ, ತೆಂಗಿನಕಾಯಿ, ಖಣದ ಬಟ್ಟೆ. ಸತ್ಯವ್ವ ಕಂಡ ಕೂಡಲೇ ಗುರುತು ಹಿಡಿದು, ಒಳಗೆ ಕರೆದು, ಉಡಿ ತುಂಬಿ ಕಳಿಸಿದ್ದಾಳೆ.

"ಬಿಲ್?" ಎಂದೆ.

"ಉಡಿ ತುಂಬಿದಕ್ಕ ಬಿಲ್ ಕೇಳಬೇಕೇನ್ರಿ?" ಎಂದು ನನ್ನ ಮುಖ ನೋಡಿದಳು. ಬಿಲ್ಲು ಯಾಕೆ ಬೇಕು ಎಂದು ಹೇಳಲೇಬೇಕಾಯಿತು. ಅವಳು ಖಣದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳು ತಂದ ಪುಡಿಯಲ್ಲಿ ನಾನೇ ಚಹಾ ಮಾಡಿ, ಈ ಸಲ ಸಾವಕಾಶ ಕುಡಿದೆ. ಕದ್ದ ಮಾಲು ಹಿಡಿಯಬೇಕೆಂದೇ ಕುಡಿದೆ. ನನ್ನ ಮಿಶ್ರಣ ಅಲ್ಲ! ನೀಲಗಿರಿ ಪುಡಿ ಅರ್ಧಕ್ಕೂ ಹೆಚ್ಚಿದೆ. ಬಣ್ಣ ಸ್ವಲ್ಪ ಕಡಿಮೆ, ಪರಿಮಳ ಜೋರು. ಅವನದೇ ಕೈ. ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಕಳ್ಳ ಎಂದು ಬಯ್ದು ಹಗುರಾಗುತ್ತಿದ್ದೆ. ತಾನೇ ಮಾಡಿದ್ದಾನೆ ಎಂದು ತಿಳಿದ ಮೇಲೆ ಹೊಟ್ಟೆಯ ಬೆಂಕಿ ಇನ್ನೂ ಹೆಚ್ಚಾಗಿದೆ.

೨೦ ಜುಲೈ, ಭಾನುವಾರ

ಪಕ್ಕದ ಮನೆಯ ತಾಜಬಿ ಬಂದಿದ್ದರು. ಚಹಾ ಕುಡಿದು, "ಈ ಪುಡಿ ನಮಗೂ ಕೊಡ್ರೆಲಾ, ರೊಕ್ಕಾ ಕೊಡ್ತೇನಿ," ಎಂದರು. ಕರಾರಿನಲ್ಲಿ ಅವಕಾಶ ಇಲ್ಲ ಎಂದೆ. "ಚಾಕ್ಕೂ ಕರಾರೇನ್ರಿ!" ಎಂದು ನಗುತ್ತ ಹೋದರು.

ಅವರು ಹೋದದ್ದೇ ತಡ, ಪ್ರಾಚಿ ಶುರು ಮಾಡಿದಳು. "ಮಾರ್ಚ್ ಮುಗದ ಮ್ಯಾಲೆ ನಮ್ಮದ ಪುಡಿ ಮಾರೋಣ ಅಂತ ನಾ ಎಷ್ಟು ವರ್ಷದಿಂದ ಹೇಳ್ಲಿಕ್ಕೆ ಹತ್ತೀನಿ? ಮೂರು ವರ್ಷ ಕಲಮು ಅದ ಅಂತೀರಿ. ಈಗ ಅದ ಕಲಮು ಗಟ್ಟಿ ಮಾಡ್ಲಿಕ್ಕೆ ನೀವ ಕೋರ್ಟಿಗೆ ಹೊಂಟೀರಿ. ಅಲ್ರೀ, ಅವನ ಕಾಲಿಗೆ ಹಗ್ಗಾ ಕಟ್ಟಲಿಕ್ಕೆ ಹೋಗಿ ನಿಮ್ಮ ಕಾಲಿಗೂ ಬಿಗೀಲಿಕ್ಕೆ ಹತ್ತೀರಲ್ಲ?"

"ನನಗ ಬೆಂಗೇರಿ ಸಿಗ್ತದ," ಎಂದೆ.

"ಬೆಂಗೇರಿ ತಗೊಂಡು ಮತ್ತ ಅದ ಪಾಕೀಟ ಮಾರೋದು."

ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ. ಹಾಗೆಂದು ಅವಳೆದುರು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

೧೮ ಆಗಸ್ಟ್, ಸೋಮವಾರ

ದಾವೆ ದಾಖಲಾಯಿತು. ವಕೀಲರು ಬರೆಸಿದ ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. 'ಪ್ರತಿವಾದಿಯು ಚಹಾಪುಡಿ ಕೊಟ್ಟಿದ್ದು, ಬಿಲ್ಲು ಕೇಳಿದರೂ ಕೊಟ್ಟಿರುವುದಿಲ್ಲ' ಎಂದಿತ್ತು. ಸುಳ್ಳಲ್ಲವಲ್ಲ? ಕೇಳಿದ್ದು ಖರೆ, ಕೊಡದಿದ್ದದ್ದೂ ಖರೆ.

೫ ಅಕ್ಟೋಬರ್, ಭಾನುವಾರ. ವಿಜಯದಶಮಿ

ಇವತ್ತು ಆದದ್ದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕುಳಿತಿದ್ದೆ.

ಸಂಜೆ ಓಣಿಯವರೆಲ್ಲ ಬನ್ನಿ ಕೊಡಲು ಬಂದು ಹೋಗುತ್ತಿದ್ದರು. ಹಿರಿಯರ ಕಾಲಿಗೆ ಬೀಳುವುದು, ಬನ್ನಿ ಎಲೆ ಕೈಗಿಡುವುದು. ಕೊನೆಗೆ ಬಾಗಿಲಲ್ಲಿ ಬೀರಲಿಂಗ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೊತೆಗೆ ಸತ್ಯವ್ವ. ಕೋರ್ಟಿನ ನೋಟೀಸು ಅವನಿಗೆ ಮುಟ್ಟಿ ತಿಂಗಳಾಗಿದೆ. ನನ್ನ ಪ್ರಮಾಣಪತ್ರದ ನಕಲೂ ಅದರ ಜೊತೆಗೇ ಹೋಗಿದೆ.

ಜಗಳಕ್ಕೆ ಬಂದನೇನೋ ಎಂದು ಎದ್ದು ನಿಂತೆ. ಅವನು ಬಗ್ಗಿ ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ರಾಯರ," ಎಂದು ಎಲೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇರೂಣಪಾ," ಎಂದೆ. ಮತ್ತೇನು ಹೇಳಬೇಕಿತ್ತು?

ದಾವೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಪ್ರಾಚಿ ಚಹಾ ಕೊಟ್ಟಳು. ನಮ್ಮ ಮನೆಯ ಚಹಾ. ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಬಸ್ಸಿನ್ಯಾಗ ಹೇಳಿದ್ರಲ್ಲ, ಅದ ಏನ್ರಿ ಇದು? ಇದನ್ನ ಮಾಡಬೇಕಂತ ಭಾಳ ಮನಸಿತ್ರಿ. ಆದ್ರ ಅದು ನಿಮ್ಮದು."

ನಾಟಕ! ಕೋರ್ಟಿನಲ್ಲಿ ಮೆತ್ತಗಾಗಲಿ ಎಂದು ಮಾಡುವ ನಾಟಕ! ಹಾಗಂತ ಪ್ರಾಚಿಗೆ ಹೇಳಿದರೆ, ನೀವು ಹೇಳಿದ್ದನ್ನು ನೀವೇ ನಂಬುವುದಿಲ್ಲ ಎಂದಳು. ಎಲೆ ಇನ್ನೂ ಮೇಜಿನ ಮೇಲಿದೆ.

೧೧ ನವೆಂಬರ್

ತಾರೀಖು ಮುಂದೆ ಹೋಯಿತು.

೯ ಡಿಸೆಂಬರ್

ಮತ್ತೆ ಮುಂದೆ. ನ್ಯಾಯಾಧೀಶರು ರಜೆ. ಕೋರ್ಟಿನ ಕ್ಯಾಂಟೀನ್ ಚಹಾ ಕಾಯಿಸಿ ಕಾಯಿಸಿ ಕಷಾಯ ಮಾಡಿದ್ದಾರೆ. ಬೀರಲಿಂಗ ಪಕ್ಕದ ಬೆಂಚಿನಲ್ಲಿ ಅದನ್ನೇ ಕುಡಿದು ನನ್ನ ಕಡೆ ನೋಡಿ ಮುಖ ಕಿವುಚಿದ. ನಗು ಬಂತು, ತಡೆದುಕೊಂಡೆ.

೯ ಜನವರಿ ೨೦೦೪, ಶುಕ್ರವಾರ

ಇವತ್ತು ವಾದ ನಡೆಯಿತು. ನಡೆಯದಿದ್ದರೇ ಚೆನ್ನಾಗಿತ್ತು.

ನಮ್ಮ ವಕೀಲರು ನನ್ನ ಪ್ರಮಾಣಪತ್ರ ಓದಿ, ಬಿಲ್ಲು ಕೊಡದೆ ಕದ್ದುಮುಚ್ಚಿ ಮಾರುತ್ತಾನೆ ಎಂದರು. ಬೀರಲಿಂಗನ ವಕೀಲೆ ಎದ್ದು, "ಸ್ವಾಮಿ, ಕದ್ದುಮುಚ್ಚಿ ಏನಿಲ್ಲ. ಪುಡಿ ಮಾರತೇವಿ ಅಂತ ನಾವೇ ಒಪ್ಪೇವಿ. ಆದ್ರ ಈ ಸಾಕ್ಷಿದಾರರಿಗೆ ಮಾರಿಲ್ಲ. ಕುರ್ಚಿ ಕೊಟ್ಟು, ಚಾ ಕುಡಿಸಿ, ಪುಡಿ ಹಂಗೇ ಕೊಟ್ಟು ಕಳಿಸೇವಿ. ಅವರ ಮನಿಯವರಿಗೆ ಉಡಿ ತುಂಬೇವಿ. ಅದಕ್ಕ ಬಿಲ್ ಹೆಂಗ ಬರೀಬೇಕು ಅಂತ ಅವರೇ ಹೇಳಲಿ," ಎಂದಳು.

ಕೋರ್ಟು ತುಂಬ ನಗು. ನ್ಯಾಯಾಧೀಶರೂ ನಕ್ಕರು. ಬೀರಲಿಂಗ ಮಾತ್ರ ನಗಲಿಲ್ಲ, ತಲೆ ಕೆಳಗೆ ಹಾಕಿ ನಿಂತಿದ್ದ. ಅವನೂ ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಭೂಮಿ ಬಾಯಿ ಬಿಡಬಾರದೆ ಅನಿಸಿತು.

೨೩ ಜನವರಿ, ಶುಕ್ರವಾರ

ಸೋತೆವು.

ಆದೇಶದ ಸಾರ ಇಷ್ಟು: ಕರಾರು ಚಾಲ್ತಿಯಲ್ಲಿರುವಾಗ ಬೇರೆ ಪುಡಿ ಮಾರಬೇಡ ಎನ್ನುವ ಮಾತು ನಡೆಯುತ್ತದೆ. ಕರಾರು ಮುಗಿದ ಮೇಲೂ ಮನುಷ್ಯ ತನ್ನ ಕಸುಬು ಮಾಡಬಾರದು ಎಂಬ ಮಾತು ಕರಾರು ಕಾಯ್ದೆಯ ಇಪ್ಪತ್ತೇಳನೆಯ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಶ್ವೇತಗಿರಿಯ ಹೆಸರು, ಚಿತ್ರ, ಪೊಟ್ಟಣ ಬಳಸದಿದ್ದರೆ ಸಾಕು. ಅವನು ಬಳಸುತ್ತಿಲ್ಲ. ತಡೆಯಾಜ್ಞೆ ಇಲ್ಲ.

ಇದೆಂಥ ನ್ಯಾಯ? ಬಿಟ್ಟುಹೋದವನಿಗೆ ಬಿಡುಗಡೆ, ನಿಯತ್ತಿನಿಂದ ಉಳಿದವನಿಗೆ ಕಟ್ಟು! ಅವನು ತನ್ನ ಪುಡಿ ಮಾರಬಹುದು, ನಾನು ತಾಜಬಿಗೆ ಒಂದು ಚಮಚ ಕೊಡುವಂತಿಲ್ಲ! ಮನೆಗೆ ಬಂದು ಕೂಗಾಡಿದೆ. ಪ್ರಾಚಿ ಕೇಳುವಷ್ಟು ಕೇಳಿದಳು. ಆಮೇಲೆ ಒಂದೇ ಮಾತು ಅಂದಳು.

"ಹಂಗಾದ್ರ ಮಾರ್ಚ್ ಆದ ಮ್ಯಾಲೆ ನಿಮಗ ಯಾರ ಅಡ್ಡ ಇದ್ದಾರ್ರಿ?"

ತಲೆನೋವು ಎಂದು ಮಲಗಿದೆ.

೧ ಫೆಬ್ರವರಿ, ಭಾನುವಾರ

ಅವಳ ಮಾತು ತಲೆಯಿಂದ ಹೋಗುತ್ತಿಲ್ಲ. ಇಷ್ಟು ವರ್ಷ ಕಲಮು ಅಡ್ಡ ಇತ್ತು. ಈಗ ಕಲಮು ಇಲ್ಲ, ಎದೆ ಮಾತ್ರ ಡವಡವ ಅನ್ನುತ್ತಿದೆ. ಹಾಕಿದ ಪುಡಿ ಯಾರೂ ಕೊಳ್ಳದಿದ್ದರೆ? ಓಣಿಯ ಜನ ನಗುವುದಿಲ್ಲವೇ? ಬೀರಲಿಂಗನಿಗೆ ಹೆದರಿಕೆ ಆಗಲಿಲ್ಲವೇ? ಆಗಿದ್ದರೂ ಮಾಡಿದನಲ್ಲ. ಅವನ ಅಂಗಡಿ, ಅವನ ಜನಜಂಗುಳಿ ಕಂಡು ಹೊಟ್ಟೆ ಉರಿದದ್ದು ಒಂದು ತೂಕ, ಅವನ ಈ ಧೈರ್ಯ ನೆನೆದು ಉರಿಯುವುದೇ ಒಂದು ತೂಕ.

೧೪ ಫೆಬ್ರವರಿ, ಶನಿವಾರ

ಬೆಂಗೇರಿಗೆ ಹೋದೆ. ಇದೇ ಕೊನೆ, ನಾಲ್ಕು ಮಾತು ಅಂದು ಬರಬೇಕೆಂದೇ ಹೋದೆ. ಕೋರ್ಟಿನಲ್ಲಿ ನನ್ನ ಮಾನ ಯಾಕೆ ಕಳೆದೆ ಎಂದು ಕೇಳಬೇಕಿತ್ತು.

ಬೀರಲಿಂಗ ಎರಡು ಡಬ್ಬಿ ಮುಂದಿಟ್ಟುಕೊಂಡು ತಲೆ ಕೆಡಿಸಿಕೊಂಡು ಕುಳಿತಿದ್ದ. ನನ್ನನ್ನು ಕಂಡು ಎದ್ದ. "ದೇವರು ಬಂದಂಗ ಬಂದ್ರಿ ರಾಯರ. ಹೊಸಾ ಮಾಲು ಬಂದೈತಿ. ಬಣ್ಣಾನ ಬರವಲ್ದು. ಗಿರಾಕಿ ಬೈಯಾಕತ್ತಾರ. ನಿಮ್ಮ ನಾಲಗಿ ಒಮ್ಮಿ ಕೊಡ್ರಿ."

ಬಯ್ಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸತ್ಯವ್ವ ಬಟ್ಟಲು ಕೈಗಿಟ್ಟಳು. ಬಾಯಿ ತೆರೆದೇ ಇತ್ತು, ಕುಡಿದೆ.

"ದಪ್ಪ ಕಾಳು ಹಳೇದು ತಂದೀಯಪಾ. ಗಾಳಿ ಹೊಡದದ," ಎಂದೆ. "ಪಾಲು ಬದಲಿ ಮಾಡಿದ್ರ ಆಗೂದಿಲ್ಲ. ಇದನ್ನ ವಾಪಸ್ ಕಳಸು. ನಮ್ಮ ಪುಣೆ ದಲ್ಲಾಳಿಗೆ ನನ್ನ ಹೆಸರು ಹೇಳು, ತಾಜಾ ಕೊಡ್ತಾನ."

ಹೇಳಿದ ಮೇಲೆ ಅರಿವಾಯಿತು. ವೈರಿಗೆ ದಲ್ಲಾಳಿಯನ್ನೂ ಕೊಟ್ಟು ಬಂದೆ! ದಾರಿಯುದ್ದಕ್ಕೂ ನನ್ನನ್ನೇ ಬಯ್ದುಕೊಂಡೆ. ಬಂದ ಕೆಲಸವೇ ಮರೆತಿತ್ತು.

೨೯ ಫೆಬ್ರವರಿ, ಭಾನುವಾರ

ನನ್ನ ಮಿಶ್ರಣವನ್ನು ಅಸ್ಸಾಮಿನ ನಾಲ್ಕು ಪಾಲಿಗೆ ನೀಲಗಿರಿಯ ಒಂದು ಪಾಲು ಮಾಡಿ ನೋಡಿದೆ. ಕಡಕ್ ಆಯಿತು. ಮೂರಕ್ಕೆ ಒಂದೇ ಸರಿ. ಗಾಡಿಯವರಿಗೆ ಮಾತ್ರ ನಾಲ್ಕಕ್ಕೆ ಒಂದು ಒಳ್ಳೆಯದು, ಅವರು ಹಾಲು ಜಾಸ್ತಿ ಹಾಕುತ್ತಾರೆ. ಯಾಕೆ ಮಾಡಿ ನೋಡಿದೆನೋ ಗೊತ್ತಿಲ್ಲ, ಭಾನುವಾರ ಹೊತ್ತು ಹೋಗಬೇಕಲ್ಲ.

೨೭ ಮಾರ್ಚ್, ಶನಿವಾರ

ಪಂಢರಿನಾಥ ಹೊಸ ಕರಾರು ಹಿಡಿದು ಮನೆಗೇ ಬಂದರು. ಐದು ವರ್ಷ. ನನಗೆ ಬೆಂಗೇರಿ ಇಲ್ಲ. ಪೆನ್ನು ತೆಗೆದು ಮೇಜಿನ ಮೇಲಿಟ್ಟರು.

ಪ್ರಾಚಿ ಚಹಾ ತಂದಳು. ಮನೆಗೆ ಕಂಪನಿಯವರು ಬಂದರೆ ಕಂಪನಿಯ ಪುಡಿಯನ್ನೇ ಹಾಕುವುದು ನಮ್ಮ ಪದ್ಧತಿ. ಆದರೆ ಪರಿಮಳದ ಮೇಲೇ ಗೊತ್ತಾಯಿತು, ಇವತ್ತು ಹಾಕಿಲ್ಲ. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಪಂಢರಿನಾಥ ಕುಡಿದರು. ಬಟ್ಟಲು ಖಾಲಿ ಮಾಡಿ, "ಭಾರೀ ಆಗೇದ್ರಿ! ಏನ ಅನ್ರಿ ಗಲಗಲಿಯವರ, ನಮ್ಮ ಶ್ವೇತಗಿರಿ ಚಹಾದ ಮಜಾನ ಬ್ಯಾರೆ," ಎಂದರು.

"ಇದು ಶ್ವೇತಗಿರಿ ಅಲ್ರಿ," ಎಂದೆ.

"ಮತ್ತ?"

"ನಂದು."

ಪಂಢರಿನಾಥ ನನ್ನನ್ನು ನೋಡಿದರು, ಖಾಲಿ ಬಟ್ಟಲನ್ನು ನೋಡಿದರು. ಪೆನ್ನು ತಾವೇ ಜೇಬಿಗೆ ಹಾಕಿಕೊಂಡರು. ಕೆಟ್ಟ ಮನುಷ್ಯನಲ್ಲ, ಹೋಗುವಾಗ ಇನ್ನರ್ಧ ಕಪ್ ಕೇಳಿ ಕುಡಿದು ಹೋದರು.

೭ ಏಪ್ರಿಲ್, ಬುಧವಾರ

ಬೋರ್ಡಿನವನಿಗೆ ಹೇಳಿ ಬಂದೆ. 'ಗಲಗಲಿ ಚಹಾಪುಡಿ'. ಬೀರಲಿಂಗನ ಬೋರ್ಡಿಗಿಂತ ಒಂದು ಗೇಣಾದರೂ ಉದ್ದ ಇರಲಿ ಎಂದಿದ್ದೇನೆ. ಅದರಲ್ಲಿ ರಾಜಿ ಇಲ್ಲ.

೨೨ ಏಪ್ರಿಲ್, ಗುರುವಾರ. ಅಕ್ಷಯ ತೃತೀಯಾ

ಅಂಗಡಿ ಪೂಜೆ ಆಯಿತು. ದಣಿವಾಗಿದೆ, ಆದರೂ ಬರೆಯಬೇಕು.

ಪೂಜೆ ಮುಗಿದು ಮಂಗಳಾರತಿ ಆಗುತ್ತಿದ್ದಂತೆ ಬೀರಲಿಂಗ ಬಂದ. ಪ್ರಾಚಿ ಕರೆದಿದ್ದಳಂತೆ, ನನಗೆ ಹೇಳಿರಲಿಲ್ಲ. ಕೈಯಲ್ಲಿ ತೆಂಗಿನಕಾಯಿ. ಬಂದವನು ಕುರ್ಚಿಯಲ್ಲಿ ಕೂರಲಿಲ್ಲ, ತಾಜಬಿ, ದುರಗಪ್ಪ ನಿಂತಿದ್ದ ಸಾಲಿನಲ್ಲಿ ಹೋಗಿ ನಿಂತ. ಬಾ ಅಂದರೂ ಬರಲಿಲ್ಲ. ತನ್ನ ಸರದಿ ಬಂದಾಗ ಗಲ್ಲಾದ ಮೇಲೆ ನೋಟು ಇಟ್ಟ.

"ಕಾಲು ಕಿಲೋ ಕೊಡ್ರಿ ರಾಯರ. ಬಿಲ್ ಬರದು ಕೊಡ್ರಿ ಮತ್ತ. ನಾಳೆ ಯಾರರ ಕೋರ್ಟಿನ್ಯಾಗ ಕೇಳಿದ್ರ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪ್ರಾಚಿಯಂತೂ ಸೆರಗು ಬಾಯಿಗೆ ಹಿಡಿದಳು. ಹೊಸ ಬಿಲ್ ಪುಸ್ತಕ ಮುಂದೆಯೇ ಇತ್ತು, ಪೆನ್ನೂ ತೆಗೆದೆ. ಅವನು ನಗುತ್ತಿದ್ದರೂ ಕಣ್ಣು ನೀರಾಗಿತ್ತು. ಹೆಸರು ಬರೆಯದೆ ಪೆನ್ನು ಕೆಳಗಿಟ್ಟೆ. ನೋಟು ಎತ್ತಿ ಅವನ ಜೇಬಿಗೆ ತುರುಕಿದೆ.

"ಹುಚ್ಚಪ್ಪಾ," ಎಂದೆ, "ನಿನ್ನ ಕಡೆ ರೊಕ್ಕಾ ತಗೋತೇನೇನೋ?"

ಆಮೇಲೆ ಇಬ್ಬರೂ ಕುಳಿತು ಚಹಾ ಕುಡಿದೆವು. ಪುಣೆಯ ಹೊಸ ಮಾಲಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಬೆಂಗೇರಿಯಲ್ಲಿ ವ್ಯಾಪಾರ ಈಗ ಹೇಗಿದೆ, ಜನ ಇನ್ನೂ ಅಷ್ಟೇ ಬರುತ್ತಾರೋ ಎಂದು ಕೇಳಬೇಕೆಂದಿದ್ದೆ. ಮರೆತೇ ಹೋಯಿತು.